ಒಂದನೇ ತಾರೀಖು



ಈ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ‘ನಾಡಿನ ಚರಿತ್ರೆಯಲ್ಲಿ ನವೆಂಬರ್ ಒಂದು’. ಆಮಂತ್ರಣ ಪತ್ರಿಕೆ ನೋಡಿದ ಗೆಳೆಯರೊಬ್ಬರು, ‘ಅದರಾಗ ಹೇಳೂದೇನೈತ್ರಿ ಸರ, ಎಲ್ಲಾರಿಗೂ ಗೊತ್ತಿದ್ದದ್ದು’ ಎಂದರು. ಗೊತ್ತಿದ್ದದ್ದೇ. ಬಾವುಟ ಏರುತ್ತದೆ, ಭುವನೇಶ್ವರಿಯ ಮೆರವಣಿಗೆ ಹೊರಡುತ್ತದೆ, ಶಾಲೆಯ ಮಕ್ಕಳು ಬಿಸಿಲಲ್ಲಿ ನಿಂತು ಭಾಷಣ ಕೇಳುತ್ತಾರೆ. ಆ ಭಾಷಣವನ್ನು ನಾನೂ ಮೂವತ್ತು ವರ್ಷ ಮಾಡಿದ್ದೇನೆ, ಇವತ್ತು ಅದು ಬೇಡ. ಈ ತಾರೀಖನ್ನು ತಾಲ್ಲೂಕು ಕಚೇರಿಯ ದಫ್ತರದ ಕೋಣೆಯಲ್ಲಿ ಕೂತು ನೋಡಿದರೆ ಏನು ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನ ತಂದೆ ಮುಂಬೈ ಸರಕಾರದ ಕಂದಾಯ ಖಾತೆಯಲ್ಲಿ ಕಾರಕೂನರಾಗಿದ್ದವರು. ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿನ ಮಾಮಲೇದಾರ ಕಚೇರಿ ಅವರ ಜಾಗ. ಅವರ ಸೇವಾ ಪುಸ್ತಕದ ಪ್ರತಿ ನಮ್ಮ ಮನೆಯ ಟ್ರಂಕಿನಲ್ಲಿದೆ. ಕಂದು ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ. ಮೊದಲ ಪುಟದಲ್ಲಿ ಎಡಗೈಯ ಐದು ಬೆರಳಿನ ಒತ್ತು, ಎತ್ತರ ಐದಡಿ ನಾಲ್ಕಂಗುಲ, ಗುರುತಿನ ಚಿಹ್ನೆ ಎಡ ಹುಬ್ಬಿನ ಮೇಲೊಂದು ಮಚ್ಚೆ. ಮುಂದೆ ವರ್ಷಕ್ಕೆರಡು ಸಾಲು: ರಜೆ, ಬಡ್ತಿ, ಐದು ರೂಪಾಯಿಯ ವೇತನ ಹೆಚ್ಚಳ. ನಡುವೆ ಒಂದೆಡೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಒಂದು ಸಾಲು ಇದೆ. 1-11-1956ರಿಂದ ಹೊಸ ಮೈಸೂರು ರಾಜ್ಯಕ್ಕೆ ಹಂಚಿಕೆ ಎಂದು ಅದರ ಅರ್ಥ. ಅದರ ಮೇಲಿನ ಸಾಲಿನಲ್ಲೂ ಕೆಳಗಿನ ಸಾಲಿನಲ್ಲೂ ಊರು ಅದೇ, ಕಚೇರಿ ಅದೇ, ಕುರ್ಚಿಯೂ ಅದೇ ಇರಬೇಕು. ಕೂತಲ್ಲಿಂದ ಏಳದೆಯೇ ನನ್ನ ತಂದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಿದ್ದರು.

‘ಅವತ್ತ ಏನ್ ಮಾಡಿದ್ರಿ ಅಪ್ಪಾ?’ ಎಂದು ಒಮ್ಮೆ ಕೇಳಿದ್ದೆ.

‘ಏನ್ ಮಾಡೂದು? ಹೊಸಾ ಶಿಕ್ಕಾ ಬರೂತನಕ ಹಳೇ ಶಿಕ್ಕಾನ ಒತ್ತಿದ್ವಿ’ ಎಂದಿದ್ದರು.

ಈ ತಾರೀಖು ಬಂದದ್ದು ಎಲ್ಲಿಂದ? 1956ರ ಆಗಸ್ಟ್ 31ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ, ಆ ವರ್ಷದ 37ನೇ ಕಾಯ್ದೆ, ತನ್ನ ವ್ಯಾಖ್ಯೆಗಳ ಕಲಮಿನಲ್ಲೇ ಹೇಳಿಬಿಡುತ್ತದೆ: ‘ನಿಯತ ದಿನ’ವೆಂದರೆ 1956ರ ನವೆಂಬರ್ 1. ಅಷ್ಟೇ. ನಮ್ಮ ಚರಿತ್ರೆಯಲ್ಲಿ ಆ ದಿನಾಂಕಕ್ಕೆ ಹಿಂದಿನ ಪುಣ್ಯ ಯಾವುದೂ ಇರಲಿಲ್ಲ. ಪುಲಕೇಶಿ ಆವತ್ತು ಗೆದ್ದಿರಲಿಲ್ಲ, ವಿಜಯನಗರಕ್ಕೆ ಆವತ್ತು ಅಡಿಗಲ್ಲು ಬಿದ್ದಿರಲಿಲ್ಲ. ತಿಂಗಳ ಒಂದನೇ ತಾರೀಖು. ಪಗಾರದ ಬಿಲ್ಲಿಗೂ ಖಜಾನೆಯ ಲೆಕ್ಕಕ್ಕೂ ಸಲೀಸು. ಆದರೆ ಪೂರ್ತಿ ಸಲೀಸೂ ಅಲ್ಲ, ಏಕೆಂದರೆ ಸರಕಾರದ ವರ್ಷ ಏಪ್ರಿಲಿಗೆ ಹುಟ್ಟಿ ಮಾರ್ಚಿಗೆ ಮುಗಿಯುತ್ತದೆ. ಹಾಗಾಗಿ ಒಂದೇ ವರ್ಷದ ಭೂಕಂದಾಯದಲ್ಲಿ ಏಳು ತಿಂಗಳದ್ದು ಮುಂಬೈ ಖಾತೆಗೆ, ಐದು ತಿಂಗಳದ್ದು ಮೈಸೂರು ಖಾತೆಗೆ. ಲೆಕ್ಕದವರು ಪಟ್ಟ ಪಾಡನ್ನು ಯಾವ ನಾಡಗೀತೆಯೂ ಹಾಡಿಲ್ಲ.

ಕಾಯ್ದೆಯ 7ನೇ ಕಲಮು ಹೊಸ ಮೈಸೂರಿನ ಜಾತಕ. ಮೊದಲಿದ್ದ ಮೈಸೂರು ರಾಜ್ಯ, ಮುಂಬೈಯಿಂದ ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳು ಮತ್ತು ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ, ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ್, ಮೂರರಲ್ಲೂ ಕೆಲವು ತಾಲ್ಲೂಕು ಕಳೆದು, ಮದ್ರಾಸಿನಿಂದ ಕಾಸರಗೋಡು ಬಿಟ್ಟ ದಕ್ಷಿಣ ಕನ್ನಡ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ, ಮತ್ತು ಕೊಡಗು. ಒಟ್ಟು 19 ಜಿಲ್ಲೆ. ಹಾಡಿನಲ್ಲಿ ‘ಒಂದಾಯಿತು’ ಎಂದರೆ ಮುಗಿಯಿತು, ಕಾಯ್ದೆಯಲ್ಲಿ ಮಾತ್ರ ಹೆಜ್ಜೆಗೊಂದು ‘ಹೊರತುಪಡಿಸಿ’ ಇದೆ. ತಾಂಡೂರು, ಕೊಡಂಗಲ್ ಹೊರತು. ಆಲಂಪುರ, ಗದ್ವಾಲ ಹೊರತು. ಉದಗಿರ, ನಿಲಂಗಾ, ಅಹಮದಪುರ ಹೊರತು. ಇನ್ನೊಂದು ಕಡೆ ಸಂತೋಷವೂ ಇದೆ. ಕೊಳ್ಳೇಗಾಲದ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಹೋಗುತ್ತಿದ್ದ ಮೈಸೂರು ಸೀಮೆಯ ಭಕ್ತರು ಅಕ್ಟೋಬರ್ 31ರವರೆಗೆ ಮದ್ರಾಸು ರಾಜ್ಯದ ಬೆಟ್ಟ ಹತ್ತುತ್ತಿದ್ದರು, ಮರುದಿನದಿಂದ ತಮ್ಮದೇ ರಾಜ್ಯದ ಬೆಟ್ಟ ಹತ್ತಿದರು. ಮಾದಪ್ಪನಿಗೆ ಇದು ತಿಳಿದಿತ್ತೋ ಇಲ್ಲವೋ.

ಆವತ್ತು ಗುರುವಾರ. ಊರೂರಲ್ಲಿ ದೀಪಾವಳಿಯ ದಿನಗಳು. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಹಿಂದಿನ ಸಂಜೆಯವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು; ರಾಜಪ್ರಮುಖ ಎಂಬ ಹುದ್ದೆಯನ್ನೇ ಸಂವಿಧಾನದ ಏಳನೇ ತಿದ್ದುಪಡಿ ಅದೇ ದಿನ ಅಳಿಸಿಹಾಕಿತ್ತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಈ ಚಿತ್ರದಲ್ಲಿ ನಾವು ಮರೆಯುವ ಒಬ್ಬರಿದ್ದಾರೆ, ಕಡಿದಾಳ್ ಮಂಜಪ್ಪ. ಕೆಂಗಲ್ ಹನುಮಂತಯ್ಯ ಅಧಿಕಾರ ಬಿಟ್ಟ ಮೇಲೆ ಆಗಸ್ಟ್ 19ಕ್ಕೆ ಮುಖ್ಯಮಂತ್ರಿಯಾದ ಅವರು ಅಕ್ಟೋಬರ್ 31ರವರೆಗೆ, ಎರಡೂವರೆ ತಿಂಗಳು, ಹಳೆಯ ಮೈಸೂರನ್ನು ಕಾದು ಬೀಗದ ಕೈ ಒಪ್ಪಿಸಿ ಹೊರಟರು. ಒಂದು ರಾಜ್ಯದ ಕೊನೆಯ ಮುಖ್ಯಮಂತ್ರಿ ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ, ಆದರೆ ರಾಜ್ಯೋತ್ಸವದ ಭಾಷಣದಲ್ಲಿ ಅವರ ಹೆಸರು ಕೇಳಿದ ನೆನಪು ನನಗಿಲ್ಲ. ಹನುಮಂತಯ್ಯನವರದೂ ಅದೇ ಗತಿ. ತಮ್ಮ ಸೀಮೆಯಲ್ಲೇ ಬಹಳ ಮಂದಿ, ಬಡ ಜಿಲ್ಲೆಗಳ ಭಾರ ನಮ್ಮ ಹೆಗಲಿಗೇಕೆ ಎನ್ನುತ್ತಿದ್ದಾಗ ಏಕೀಕರಣದ ಪರ ನಿಂತವರು ಅವರು. ವಿಧಾನಸೌಧ ಎದ್ದು ನಿಂತಿತು, ರಾಜ್ಯ ದೊಡ್ಡದಾಯಿತು, ಕಟ್ಟಿಸಿದವರು ಮಾತ್ರ ಆ ದಿನ ಕುರ್ಚಿಯಲ್ಲಿರಲಿಲ್ಲ.

ಇನ್ನು ದಫ್ತರದ ಕೋಣೆಗೆ ಹೋಗೋಣ. ನನಗೆ ರುಚಿಸುವ ಚರಿತ್ರೆ ಅಲ್ಲಿದೆ.

ಒಂದೇ ತಾಲ್ಲೂಕು ಅಧಿಕಾರಿಯನ್ನು ಅಕ್ಟೋಬರ್ 31ರಂದು ಕನ್ನಡಿಗರು ಏನೆಂದು ಕರೆಯುತ್ತಿದ್ದರು? ಮೈಸೂರಿನವರು ಅಮಲ್ದಾರರು ಎನ್ನುತ್ತಿದ್ದರು. ನಮ್ಮ ಕಡೆ ಮಾಮಲೇದಾರರು. ಗುಲ್ಬರ್ಗದಲ್ಲೂ ಮಂಗಳೂರಿನಲ್ಲೂ ತಹಶೀಲ್ದಾರರು. ಕೊಡಗಿನಲ್ಲಿ ಸುಬೇದಾರರು. ಜಿಲ್ಲೆಯ ದೊಡ್ಡ ಸಾಹೇಬರು ಮೈಸೂರಿನಲ್ಲಿ ಡೆಪ್ಯುಟಿ ಕಮಿಷನರು, ಧಾರವಾಡದಲ್ಲಿ ಕಲೆಕ್ಟರು. ಇವತ್ತಿಗೂ ನಮ್ಮೂರ ಮುದುಕರು ಜಿಲ್ಲಾಧಿಕಾರಿಯನ್ನು ‘ಕಲೆಕ್ಟರ್ ಸಾಹೇಬ್ರು’ ಎನ್ನುತ್ತಾರೆ, ಮೈಸೂರಿನ ಕಡೆಯವರು ‘ಡೀಸಿ’ ಎನ್ನುತ್ತಾರೆ. ಊರ ಲೆಕ್ಕ ಬರೆಯುವವನು ಮೈಸೂರಿನಲ್ಲಿ ಶಾನುಭೋಗ, ಹೈದರಾಬಾದ್ ಸೀಮೆಯಲ್ಲಿ ಪಟವಾರಿ, ನಮ್ಮಲ್ಲಿ ಮೊದಲು ಕುಲಕರ್ಣಿ, ಆಮೇಲೆ ತಲಾಟಿ. ಊರ ಹಿರಿಯನ ಹುದ್ದೆಗೆ ಒಂದು ಕಡೆ ಪಟೇಲ, ಒಂದು ಕಡೆ ಪಾಟೀಲ. ನಿಜಾಮರ ಸೀಮೆಯಲ್ಲಿ ಅದನ್ನೇ ಎರಡು ಮಾಡಿ ಕಂದಾಯಕ್ಕೊಬ್ಬ ಮಾಲಿಪಾಟೀಲ, ಬಂದೋಬಸ್ತಿಗೊಬ್ಬ ಪೊಲೀಸ್ ಪಾಟೀಲ. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಾಗಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳು ಹೋದವು, ಹುದ್ದೆಯ ಹೆಸರುಗಳು ಮನೆಯ ಅಡ್ಡಹೆಸರಾಗಿ ಉಳಿದವು. ಈ ಸಭೆಯ ಹಾಜರಿ ಪುಸ್ತಕ ತೆಗೆದರೆ ಕುಲಕರ್ಣಿ, ಪಾಟೀಲ, ದೇಸಾಯಿ, ನಾಡಗೌಡ ಎಲ್ಲರೂ ಸಿಗುತ್ತಾರೆ. ಅವರಲ್ಲಿ ಒಬ್ಬರಿಗೂ ಲೆಕ್ಕ ಬರೆಯುವ ಕೆಲಸ ಈಗ ಇಲ್ಲ. ಶಾನುಭೋಗರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದಾರೆ, ಆದರೂ ಮಂಡ್ಯದ ಹಳ್ಳಿಯಲ್ಲಿ ‘ಶಾನುಭೋಗ್ರು ಬಂದಿದ್ರು’ ಎಂಬ ಮಾತು ಇನ್ನೂ ಕಿವಿಗೆ ಬೀಳುತ್ತದೆ.

ಹೊಲದ ಕಾಗದವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಉತಾರ. ಬೀದರಿನ ಕಡೆ ಪಹಣಿ; ಅಲ್ಲಿನ ಜಮೀನು ದಾವೆಗಳಲ್ಲಿ ಹೈದರಾಬಾದ್ ರಾಜ್ಯದ ಕಾಲದ, 1954-55ರ ಖಾಸ್ರಾ ಪಹಣಿಯನ್ನು ವಕೀಲರು ಇವತ್ತಿಗೂ ಬ್ರಹ್ಮಾಸ್ತ್ರದ ಹಾಗೆ ಹೊರತೆಗೆಯುತ್ತಾರೆ. ಮದ್ರಾಸಿನ ಆಡಳಿತದಲ್ಲಿದ್ದ ಕಡೆ ಅದು ಅಡಂಗಲ್. ಅಳತೆಯೂ ಬೇರೆ. ನಮಗೆ ಎಕರೆಗೆ ನಲವತ್ತು ಗುಂಟೆ. ಮಂಗಳೂರಿನವರಿಗೆ ಎಕರೆಗೆ ನೂರು ಸೆಂಟ್ಸು. ಪುತ್ತೂರಿನ ಗೆಳೆಯರೊಬ್ಬರು ‘ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದೆ’ ಎಂದಾಗ ನಾನು ಮನಸ್ಸಿನಲ್ಲೇ ನಾಲ್ಕು ಗುಂಟೆ ಎಂದು ತರ್ಜುಮೆ ಮಾಡಿಕೊಂಡೆ. ಒಂದೇ ರಾಜ್ಯ, ಒಂದೇ ಭಾಷೆ, ಹೊಲ ಅಳೆಯುವಾಗ ಮಾತ್ರ ದುಭಾಷಿ ಬೇಕು.

ಇದು ಕಾನೂನಿನ ಅಜಾಗ್ರತೆಯಲ್ಲ, ಅದರ ಜಾಣತನ. ಅದೇ ಕಾಯ್ದೆಯ 119ನೇ ಕಲಮು, ಬದಲಾಯಿಸುವವರೆಗೆ ಎಲ್ಲ ಕಡೆ ಹಳೆಯ ಕಾನೂನುಗಳೇ ನಡೆಯಲಿ ಎಂದಿತ್ತು. ಹೀಗಾಗಿ ಧಾರವಾಡಕ್ಕೆ ಮುಂಬೈಯ ಪಾನನಿಷೇಧ, ಅದೇ ರಾಜ್ಯದ ಗುಲ್ಬರ್ಗದಲ್ಲಿ ಶೇಂದಿ ಅಂಗಡಿ. ಭೂಕಂದಾಯಕ್ಕೆ ಒಂದೇ ಕಾಯ್ದೆ ಬರಲು 1964ರವರೆಗೆ ಕಾಯಬೇಕಾಯಿತು. ಹೊಸ ಸರಕಾರದ ಕಾಯ್ದೆಗಳಲ್ಲಿ ‘ಬಾಂಬೆ ಏರಿಯಾ’, ‘ಹೈದರಾಬಾದ್ ಏರಿಯಾ’, ‘ಮದ್ರಾಸ್ ಏರಿಯಾ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕಾಗದದ ಮೇಲೆ ಹಳೆಯ ರಾಜ್ಯಗಳು ಸತ್ತಿದ್ದವು, ಕಾಗದದ ಒಳಗೆ ಬದುಕಿದ್ದವು.

ನೌಕರರ ಸಂಗತಿ ಇನ್ನೂ ಗೋಜಲು. ಐದು ಕಡೆಯ ಗುಮಾಸ್ತರನ್ನು ಒಂದೇ ಪಟ್ಟಿಯಲ್ಲಿ ಕೂಡಿಸಬೇಕು. ಮುಂಬೈಯಲ್ಲಿ ಹನ್ನೆರಡು ವರ್ಷ ದುಡಿದ ಕಾರಕೂನ ಮೇಲೋ, ಮೈಸೂರಿನಲ್ಲಿ ಹತ್ತು ವರ್ಷಕ್ಕೇ ಬಡ್ತಿ ಪಡೆದ ಗುಮಾಸ್ತ ಮೇಲೋ? ಉರ್ದುವಿನಲ್ಲಿ ಕಡತ ಬರೆಯುತ್ತಿದ್ದವನಿಗೆ ಇಂಗ್ಲಿಷ್ ಟಿಪ್ಪಣಿ ಬರದಿದ್ದರೆ ಅವನು ಕಡಿಮೆಯೋ? ಸೇವಾ ಷರತ್ತುಗಳನ್ನು ನೌಕರರಿಗೆ ನಷ್ಟವಾಗುವಂತೆ ಕೇಂದ್ರದ ಒಪ್ಪಿಗೆಯಿಲ್ಲದೆ ಬದಲಿಸಬಾರದೆಂದು 115ನೇ ಕಲಮು ಹೇಳಿತ್ತು. ಆ ಒಂದು ವಾಕ್ಯದ ಮೇಲೆ ದಶಕಗಟ್ಟಲೆ ರಿಟ್ ಅರ್ಜಿಗಳು ನಡೆದವು, ಸುಪ್ರೀಂ ಕೋರ್ಟಿನವರೆಗೂ ಹೋದವು. ನನ್ನ ತಂದೆಯ ಹೆಸರು ಜ್ಯೇಷ್ಠತಾ ಪಟ್ಟಿಯಲ್ಲಿ ಮೊದಲ ಸಲ ಒಂದು ಕಡೆ, ತಿದ್ದಿದ ಪಟ್ಟಿಯಲ್ಲಿ ಅರವತ್ತು ಹೆಸರು ಕೆಳಗೆ. ಮನೆಯಲ್ಲಿ ಏಕೀಕರಣದ ಮಾತು ಬಂದರೆ ಅವರು ಆಲೂರು ವೆಂಕಟರಾಯರಿಗೆ ಕೈ ಮುಗಿಯುತ್ತಿದ್ದರು, ಆಮೇಲೆ ಈ ಅರವತ್ತು ಹೆಸರಿನ ಲೆಕ್ಕ ಎತ್ತುತ್ತಿದ್ದರು. ಎರಡೂ ನಿಜವಾದ ಭಾವನೆ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆ ನೋಡಿದರೆ ಈ ನಾಡಿನ ಕಚೇರಿಗಳಿಗೆ ನವೆಂಬರ್ ಒಂದು ಹೊಸದೇನೂ ಅಲ್ಲ. 1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ಓದಿದ, ದೇಶದ ಮುಖ್ಯ ಊರುಗಳಲ್ಲೆಲ್ಲ ಅದನ್ನು ಓದಿಸಲಾಯಿತು. ಕಂಪನಿ ಸರಕಾರ ಹೋಗಿ ರಾಣಿ ಸರಕಾರ ಬಂತು. ಧಾರವಾಡದ ಕಲೆಕ್ಟರ್ ಕಚೇರಿಯ ಕಾರಕೂನ ಆವತ್ತೂ ಕೂತಲ್ಲಿಂದ ಏಳದೆಯೇ ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ಹೋಗಿರಬೇಕು. ಆ ಘೋಷಣೆಯಲ್ಲಿ, ದೇಶೀ ರಾಜರ ಹಕ್ಕು ಮಾನ ಮರ್ಯಾದೆಗಳನ್ನು ತಮ್ಮವೆಂಬಂತೆ ಕಾಯುವೆವು ಎಂಬ ಭರವಸೆ ಇತ್ತು. ನರಗುಂದದ ಸಂಸ್ಥಾನಿಕ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳುವ ಹಕ್ಕನ್ನು ಕಂಪನಿ ನಿರಾಕರಿಸಿತ್ತು. ಅವನು ದಂಗೆ ಎದ್ದ. ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಅದೇ ವರ್ಷದ ಜೂನಿನಲ್ಲಿ. ಭರವಸೆ ಐದು ತಿಂಗಳು ತಡವಾಗಿ ಬಂತು. ಬೆಂಗಳೂರಿನಲ್ಲಿ ಆಗ ಮಾರ್ಕ್ ಕಬ್ಬನ್ ಕಮಿಷನರ್, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅಧಿಕಾರವಿಲ್ಲದ ಅರಸರು. ಅವರ ಮನೆತನಕ್ಕೆ ಆಳ್ವಿಕೆ ಮರಳಿದ್ದು 1881ರಲ್ಲಿ, ಅವರು ತೀರಿಹೋಗಿ ಹದಿಮೂರು ವರ್ಷಗಳ ಮೇಲೆ.

1956ರ ಆ ದಿನ ಎಲ್ಲರದೂ ಆಗಿರಲಿಲ್ಲ, ಅದನ್ನೂ ಹೇಳಬೇಕು. ಬಳ್ಳಾರಿಗೆ ಅದು ಎರಡನೆಯ ಸಲದ ಹಬ್ಬ. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಮೈಸೂರಿಗೆ ಸೇರಿತ್ತು, ಆದವಾನಿ, ಆಲೂರು, ರಾಯದುರ್ಗಗಳನ್ನು ಅತ್ತ ಕಳೆದುಕೊಂಡು. ಆ ಹಬ್ಬದ ಚಪ್ಪರ ಕಾಯುತ್ತ ಹಿಂದಿನ ರಾತ್ರಿ ಎಚ್ಚರವಿದ್ದ ಪೈಲ್ವಾನ ರಂಜಾನ್ ಸಾಬರು ಆಸಿಡ್ ದಾಳಿಗೆ ಬಲಿಯಾದರು. ಏಕೀಕರಣಕ್ಕೆ ಜೀವ ತೆತ್ತವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ನನ್ನ ವಿದ್ಯಾರ್ಥಿಗಳು ಪೆನ್ನು ಕಚ್ಚುತ್ತಿದ್ದರು. ಹಬ್ಬದ ತಾರೀಖು ಬೇರೆಯಾದ್ದರಿಂದ ಹೆಸರೂ ಜಾರಿಹೋಗಿದೆ.

ಕೊಡಗಿನದು ಇನ್ನೊಂದು ಬಗೆ. ಅಲ್ಲಿ 24 ಸದಸ್ಯರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಕೊಡಗನ್ನು ಮೈಸೂರಿಗೆ ಸೇರಿಸಬಾರದೆಂದು ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷ ಚುನಾವಣೆಗೇ ನಿಂತಿತ್ತು, ಒಂಬತ್ತು ಸ್ಥಾನ ಗೆದ್ದಿತ್ತು. ಅಕ್ಟೋಬರ್ 31ರ ರಾತ್ರಿ ಒಂದು ರಾಜ್ಯವಾಗಿ ಮಲಗಿದ ಮಡಿಕೇರಿ ಬೆಳಿಗ್ಗೆ ಒಂದು ಜಿಲ್ಲೆಯಾಗಿ ಎದ್ದಿತು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಈ ದಿನವನ್ನು ಕರಾಳ ದಿನವೆಂದು ಆಚರಿಸುತ್ತ ಬಂದದ್ದು ನಿಮಗೆ ಗೊತ್ತೇ ಇದೆ, ಅದನ್ನು ಬೆಳೆಸುವುದಿಲ್ಲ.

ಕಾಸರಗೋಡಿನ ನೋವು ನಮ್ಮದೇ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯಗಳ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ ಆ ತಾಲ್ಲೂಕನ್ನು ಇಡಿಯಾಗಿ ಕೇರಳಕ್ಕೆ ಬರೆಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರಿಗೆ ಬರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಆ ಮಾತು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಬದುಕಿದ್ದಷ್ಟು ಕಾಲ ಅದನ್ನು ಹೇಳುತ್ತಲೇ ಇದ್ದರು. ನವೆಂಬರ್ ಒಂದಕ್ಕೆ ಕಾಸರಗೋಡಿನ ಕನ್ನಡ ಶಾಲೆಯ ಅಂಗಳದಲ್ಲಿ ಬರುವ ಹಬ್ಬ ಕೇರಳಪ್ಪಿರವಿ. ತಾರೀಖು ಒಂದೇ, ಬರೆಯುವ ಹಲಗೆ ಕನ್ನಡದ್ದೇ, ಹುಟ್ಟುಹಬ್ಬ ಮಾತ್ರ ಇನ್ನೊಬ್ಬರದು.

ಆದರೆ ದಕ್ಷಿಣ ಕನ್ನಡ ಜಿಲ್ಲೆ ಆ ದಿನ ಕಳೆದುಕೊಂಡದ್ದು ಕಾಸರಗೋಡನ್ನು ಮಾತ್ರವಲ್ಲ. ಇದನ್ನು ಹೇಳಿದಾಗ ಮಂಗಳೂರಿನವರೇ ಹುಬ್ಬೇರಿಸುತ್ತಾರೆ. ಅರಬ್ಬೀ ಕಡಲಿನ ಅಮಿಂದಿವಿ ದ್ವೀಪಗಳು, ಅಮಿನಿ, ಕಡಮತ್, ಕಿಲ್ತನ್, ಚೆತ್ಲತ್, ಬಿತ್ರಾ, ಮಂಗಳೂರು ಕಲೆಕ್ಟರರ ಕೈಕೆಳಗಿದ್ದವು. ಅವು ಟಿಪ್ಪುವಿನ ಕೈಗೆ ಬಂದದ್ದು 1787ರಲ್ಲಿ. 1799ರ ನಂತರ ಕೆನರಾದ ಜತೆ ಇಂಗ್ಲಿಷರ ಪಾಲಾದವು. ದ್ವೀಪದವರು ಓಡಗಳಲ್ಲಿ ತೆಂಗಿನ ಹುರಿ ತಂದು ಮಂಗಳೂರಿನ ಸರಕಾರಿ ಉಗ್ರಾಣಕ್ಕೆ ಅಳೆದು, ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಅವನ್ನು ಬೇರ್ಪಡಿಸಿ, ಲಕ್ಕದಿವಿ ಮತ್ತು ಮಿನಿಕಾಯ್ ಜತೆ ಕೂಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ನಮ್ಮ ಏಕೀಕರಣದ ನಕ್ಷೆಗಳಲ್ಲಿ ಕಡಲು ಬರಿದೇ ನೀಲಿ. ಅಲ್ಲಿಂದ ಐದು ಚುಕ್ಕೆ ಅಳಿಸಿದ್ದು ಯಾರ ಗಮನಕ್ಕೂ ಬಂದಂತಿಲ್ಲ. ಸ್ವಾರಸ್ಯವೆಂದರೆ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಮಗೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅದೇ ದಿನ. ಬೇರೆಯಾಗಿ ಹದಿನೇಳು ವರ್ಷವಾಗಿದ್ದ ಇಬ್ಬರು ಒಂದೇ ದಿನ ನಾಮಕರಣ ಮಾಡಿಸಿಕೊಂಡರು.

ಆ ಹೆಸರಿನ ಕಥೆಯೂ ಕಚೇರಿಯ ಕಥೆಯೇ. ಫಜಲ್ ಅಲಿ ಆಯೋಗ 1955ರಲ್ಲೇ ಹೊಸ ರಾಜ್ಯವನ್ನು ಕರ್ನಾಟಕ ಎಂದು ಕರೆದಿತ್ತು. ಕಾಯ್ದೆಯಾಗುವಾಗ ಅದು ಮೈಸೂರು ಆಯಿತು. ‘ವಿಶಾಲ ಮೈಸೂರು’ ಎಂಬ ಮಾತಿನಲ್ಲಿ ವಿಶಾಲ ನಾವು, ಮೈಸೂರು ಅವರು ಎಂದು ಧಾರವಾಡದವರು ಗೊಣಗುತ್ತಿದ್ದರು. ಮದ್ರಾಸು 1969ರಲ್ಲೇ ತಮಿಳುನಾಡಾಯಿತು, ನಮ್ಮಲ್ಲಿ ವಿಧಾನಮಂಡಲದ ನಿರ್ಣಯವಾಗಲು 1972 ಬಂತು. ಸಂಸತ್ತು 1973ರಲ್ಲಿ ಮೈಸೂರು ರಾಜ್ಯದ ಹೆಸರು ಬದಲಿಸುವ ಕಾಯ್ದೆ ಮಾಡಿತು. ಮುಖ್ಯಮಂತ್ರಿ ದೇವರಾಜ ಅರಸು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಅಂದರೆ ಅಪ್ಪಟ ಮೈಸೂರು ಸೀಮೆಯವರು. ಈ ಕೆಲಸ ಅವರ ಕೈಯಿಂದ ಆದದ್ದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ಧಾರವಾಡದವರೊಬ್ಬರು ಮಾಡಿದ್ದರೆ ಅದು ಗೆದ್ದವರ ಹೆಸರಾಗಿಬಿಡುತ್ತಿತ್ತು. ಹೆಸರು ಬಂದ ಆ ನವೆಂಬರ್ ಒಂದೂ ಗುರುವಾರವೇ.

ಹೆಸರು ಬದಲಾದ ಮೇಲೆ ಹಿಂದಿನ ಕಾಯ್ದೆಗಳ ಹೆಸರೂ ಬದಲಾದವು. 1964ರ ಮೈಸೂರು ಭೂಕಂದಾಯ ಕಾಯ್ದೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಾಯಿತು. 1964ರಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲವಲ್ಲ ಎಂದು ಕೇಳಿದ ವಿದ್ಯಾರ್ಥಿಗೆ ನಾನು ಅರ್ಧ ತಾಸು ಉತ್ತರ ಹೇಳಬೇಕಾಯಿತು. ‘ಬಾಂಬೆ ಏರಿಯಾ’ ಎಂಬುದು ‘ಬೆಳಗಾಂ ಏರಿಯಾ’ ಆಯಿತು, ‘ಹೈದರಾಬಾದ್ ಏರಿಯಾ’ ಎಂಬುದು ‘ಗುಲ್ಬರ್ಗಾ ಏರಿಯಾ’. ಮೈಸೂರು ಎಂಬ ಹೆಸರು ಮಾತ್ರ ಸಾಬೂನಿನಲ್ಲಿ, ಮೈಸೂರು ಪಾಕಿನಲ್ಲಿ, 2017ರವರೆಗೆ ಒಂದು ಬ್ಯಾಂಕಿನ ಬೋರ್ಡಿನಲ್ಲಿ ರಾಜ್ಯವಾಳುತ್ತಲೇ ಇತ್ತು. ಗೇಣಿದಾರನನ್ನು ಕೇಳಿದರೆ ಅವನು ಇನ್ನೊಂದು ಒಂದನೇ ತಾರೀಖು ಹೇಳುತ್ತಾನೆ: 1974ರ ಮಾರ್ಚ್ 1. ಭೂಸುಧಾರಣೆಯಿಂದ ಗೇಣಿ ಜಮೀನೆಲ್ಲ ಸರಕಾರದಲ್ಲಿ ನಿಹಿತವಾದ ದಿನ ಅದು, ಹೆಸರು ಬಂದ ನಾಲ್ಕು ತಿಂಗಳಿಗೆ. ಬಂಟ್ವಾಳದ ಒಬ್ಬ ಚಾಲಗೇಣಿ ಒಕ್ಕಲಿಗೆ ಕರ್ನಾಟಕ ಹುಟ್ಟಿದ್ದು ಆವತ್ತೇ ಎಂದರೆ ನಾನು ವಾದಿಸುವುದಿಲ್ಲ.

ಹೆಸರಿಗಾಗಿ ದುಡಿದವರು ಆ ಹೆಸರನ್ನು ಕಂಡರೇ? 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು 1956ನ್ನು ಕಂಡರು, 1964ರಲ್ಲಿ ತೀರಿಕೊಂಡರು, ಹೆಸರನ್ನು ಕಾಣಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಏಕೀಕರಣದ ಗೀತೆಯ ಕವಿ ಹುಯಿಲಗೋಳ ನಾರಾಯಣರಾಯರು 1971ರಲ್ಲಿ ಹೋದರು. ಮೈಸೂರು ಸೀಮೆಯಲ್ಲಿ ಕನ್ನಡದ ಹುಚ್ಚು ಹಚ್ಚಿದ ಬಿ.ಎಂ. ಶ್ರೀಕಂಠಯ್ಯನವರಂತೂ ಸ್ವಾತಂತ್ರ್ಯವನ್ನೇ ಕಾಣಲಿಲ್ಲ. ಬೇಂದ್ರೆ, ಕುವೆಂಪು ಎರಡನ್ನೂ ಕಂಡ ಅದೃಷ್ಟವಂತರು. ಇನ್ನೊಂದು ನವೆಂಬರ್ ಒಂದು, 2014ರದು: ಬೆಂಗಳೂರು, ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಮರಳಿದ ದಿನ. ಬೆಂಗಳೂರನ್ನು ಬೆಂಗಳೂರು ಎನ್ನಿ ಎಂದು 2005ರಲ್ಲಿ ಸರಕಾರಕ್ಕೆ ಹೇಳಿದ ಯು.ಆರ್. ಅನಂತಮೂರ್ತಿ ಅದೇ 2014ರ ಆಗಸ್ಟ್ 22ರಂದು ಕಣ್ಣು ಮುಚ್ಚಿದ್ದರು. ಕಡತ ಒಂಬತ್ತು ವರ್ಷ ದೆಹಲಿ-ಬೆಂಗಳೂರು ಓಡಾಡಿ, ಹತ್ತು ವಾರ ತಡವಾಗಿ ಇಳಿಯಿತು.

ದೆಹಲಿಗೂ ಈ ತಾರೀಖು ಹಿಡಿಸಿಬಿಟ್ಟಿದೆ. ಪಂಜಾಬನ್ನು ಒಡೆದು ಹರಿಯಾಣ ಮಾಡಿದ್ದು 1966ರ ನವೆಂಬರ್ 1ಕ್ಕೆ, ಛತ್ತೀಸಗಡ ಮಾಡಿದ್ದು 2000ದ ನವೆಂಬರ್ 1ಕ್ಕೆ. ನಮ್ಮ ಜತೆಗೇ ಹುಟ್ಟಿದ ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳನ್ನೂ ಸೇರಿಸಿದರೆ ಆ ದಿನ ದೇಶದ ಕಾಲು ಭಾಗದಷ್ಟು ಜನ ಹುಟ್ಟುಹಬ್ಬದ ಮನೆಯಲ್ಲೇ ಇರುತ್ತಾರೇನೋ.

ಈ ಉಪನ್ಯಾಸಕ್ಕೆಂದು ಹೋದ ತಿಂಗಳು ಅನುಮತಿ ಪಡೆದು ಒಂದು ತಾಲ್ಲೂಕು ಕಚೇರಿಯ ದಫ್ತರದ ಕೋಣೆಗೆ ಹೋಗಿದ್ದೆ. ರುಮಾಲಿನಲ್ಲಿ ಕಟ್ಟಿದ ಗಂಟುಗಳು, ಮೇಲೆ ಬಿಳಿ ಚೀಟಿ. 1956ರ ಆವಕ-ಜಾವಕ ವಹಿ ಬೇಕಿತ್ತು ಎಂದೆ. ಅಲ್ಲಿನ ಹುಡುಗ ಸ್ಟೂಲು ಹತ್ತಿ, ‘ಅಕ್ಟೋಬರ್‌ದ್ದ ಬೇಕೋ ನವೆಂಬರ್‌ದ್ದ ಬೇಕೋ ಸರ?’ ಎಂದ. ಎರಡೂ ಎಂದೆ. ಇಳಿಸಿದ ಮೇಲೆ ನೋಡಿದರೆ ಅದು ಒಂದೇ ವಹಿ. ಹೊಸ ರಾಜ್ಯಕ್ಕೆಂದು ಯಾರೂ ಹೊಸ ಪುಸ್ತಕ ತೆಗೆದಿರಲಿಲ್ಲ, ಪುಟದ ನಡುವೆ ಅಡ್ಡಗೆರೆಯನ್ನೂ ಎಳೆದಿರಲಿಲ್ಲ. ಆವಕ ನಂಬರೂ ಒಂದರಿಂದ ಶುರುವಾಗಿರಲಿಲ್ಲ, ಹಿಂದಿನ ದಿನದ್ದೇ ಮುಂದುವರಿದಿತ್ತು. ಅಕ್ಷರ ತಂದೆಯದೇ ಇರಬಹುದೆಂದು ಕನ್ನಡಕ ಒರೆಸಿಕೊಂಡು ನೋಡಿದೆ. ಅಲ್ಲ, ಬೇರೆ ಯಾರದೋ. ನವೆಂಬರ್ ಒಂದನೇ ತಾರೀಖಿನ ಮೊದಲ ಟಪಾಲಿನ ವಿಷಯದ ಕಾಲಮಿನಲ್ಲಿ ಹೀಗಿತ್ತು: ಎತ್ತು ಸತ್ತಿದ್ದು, ತಗಾವಿ ಸಾಲ ಕೊಡುವ ಬಗ್ಗೆ ಅರ್ಜಿ.